ಕೆಟ್ಟ ಕಾಳಿನ ಡಬ್ಬಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳಿದ ಎರಡೂ ಹೋಳು ದಪ್ಪಗಾಗಿ, ಹಳದಿಗೆ ತಿರುಗಿ, ಒಣಗಿದ ಶೇಂಗಾ ಸಿಪ್ಪೆಯ ಬಣ್ಣಕ್ಕೇ ಬಂದಿದ್ದವು. ಏಳೆಂಟು ವರ್ಷದ ಹುಡುಗಿಯಾಗಿದ್ದಾಗಿನಿಂದ ಕಾಯಿ ಸುಲಿದ ಉಗುರು ಅದು. ಅದನ್ನು ಕಾಯಿಯ ಹೊಟ್ಟೆಗೆ ಒತ್ತಿದರೆ ಟಪ್ಪೆಂದು ಬಿರಿಯುತ್ತಿತ್ತು, ಕಾಳು ಅಂಗೈಗೆ ಬಿದ್ದದ್ದೇ ತಡ ಮೂಗಿನ ಹತ್ತಿರ ಹೋಗಿರುತ್ತಿತ್ತು. ಅದೇ ಉಗುರಿನಿಂದ ಅವರು ನನ್ನ ಲ್ಯಾಪ್‌ಟಾಪಿನ ಪರದೆಯನ್ನೂ ಕುಟ್ಟುತ್ತಿದ್ದರು. ಎಡಗಡೆಯ ಮೂಲೆಯಲ್ಲಿ ಈಗಲೂ ಒಂದು ಗೀರು ಇದೆ. ಆ ಲ್ಯಾಪ್‌ಟಾಪ್ ಮುದಿಯಾಯಿತು, ಹೊಸದು ತಗೊಳ್ಳಿ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನು ತೆಗೆದುಕೊಂಡಿಲ್ಲ.

ಚಳ್ಳಕೆರೆಯ ಆ ಎಣ್ಣೆ ಮಿಲ್ಲಿನಲ್ಲಿ ಅವರು ಎಲ್ಲರಿಗೂ ಸ್ಯಾಂಪಲ್ ಅಕ್ಕ. ಅವರಿಗಿಂತ ಹಿರಿಯ ಹಮಾಲಿಗಳಿಗೂ ಅಕ್ಕ, ಮಾಲೀಕರಿಗೂ ಅಕ್ಕ. ಊರು ರಾಂಪುರದಿಂದ ಆಚೆ, ಆಂಧ್ರದ ಗಡಿಗೆ ತಾಗಿದಂತೆ. ಮನೆಯಲ್ಲಿ ತೆಲುಗು, ಮಿಲ್ಲಿನಲ್ಲಿ ಕನ್ನಡ, ಚೀಲ ಎಣಿಸುವಾಗ ಮಾತ್ರ ಎಲ್ಲಿದ್ದರೂ ತೆಲುಗು. ಕಾಯಿ ಸುಲಿಯುವ ಹೆಂಗಸರ ಸಾಲಿನಲ್ಲಿ ಕೂತಿದ್ದವರನ್ನು ಅವರ ಮೂಗಿನ ಗುಣ ಕಂಡು ಮಾಲೀಕರ ತಂದೆ ಎಬ್ಬಿಸಿ ಮಾಲು ನೋಡುವ ಕೆಲಸಕ್ಕೆ ಹಾಕಿದ್ದರಂತೆ. ಬಂದ ಲಾಟಿನ ಚೀಲಕ್ಕೆ ಕೈಹಾಕಿ ಮೇಲಿನಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ ಮೊರಕ್ಕೆ ಹಾಕಿಕೊಂಡು, ಸುಲಿದು, ಮೂಸಿ, ಕಚ್ಚಿ, ಉಗುಳಿ, ‘ಹೂಂ’ ಅಥವಾ ‘ಬ್ಯಾಡ’ ಎನ್ನುತ್ತಿದ್ದರು. ಮೂರನೆಯ ಮಾತೇ ಇರಲಿಲ್ಲ. ದಿನದ ಕೊನೆಯ ಲಾಟು ಮುಗಿಯುವವರೆಗೆ ಚಹಾ ಮುಟ್ಟುತ್ತಿರಲಿಲ್ಲ, ನಾಲಿಗೆ ಮೊಂಡಾಗುತ್ತದೆ ಎಂದು. ಒಂದೊಂದು ಕಾಳು ಕಚ್ಚಿದ ಮೇಲೂ ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸುತ್ತಿದ್ದರು. ವಾರಕ್ಕೆರಡು ಸಲ ಬಸ್ಸಿನಲ್ಲಿ ಮೊಳಕಾಲ್ಮುರು, ರಾಂಪುರದ ಖರೀದಿ ಕೇಂದ್ರಗಳಿಗೆ ಹೋಗುವಾಗಲೂ ಆ ಬಾಟಲಿ ಕಂಕುಳಲ್ಲೇ.

ನಾನು ಅವರ ಬದುಕಿನೊಳಕ್ಕೆ ಹೋದದ್ದು ದೊಡ್ಡ ಮಾತಾಡಿಕೊಂಡು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬ್ಯಾಟರಿ ಅಂಗಡಿಯ ಮೇಲೆ, ನಾಲ್ಕೇ ಜನರ ಸಾಫ್ಟ್‌ವೇರ್ ಆಫೀಸು ನಮ್ಮದು. ನಾನು ಅದರ ಯಜಮಾನಿ, ಮುಖ್ಯ ಇಂಜಿನಿಯರ್ ಎರಡೂ. ಮಿಲ್ಲಿನವರು ಎಣ್ಣೆಯ ಜೊತೆಗೆ ಶೇಂಗಾ ಕಾಳನ್ನು ಚಿಕ್ಕಿ ತಯಾರಿಸುವ ಕಂಪನಿಯೊಂದಕ್ಕೆ ಕಳಿಸುತ್ತಿದ್ದರು. ಯಾವ ಲಾಟು ಎಲ್ಲಿಂದ ಬಂತು, ಯಾರು ನೋಡಿದರು, ಏನೆಂದರು, ಎಲ್ಲವೂ ವೆಬ್‌ನಲ್ಲಿ ಕಾಣಬೇಕೆಂದು ಆ ಕಂಪನಿ ಪಟ್ಟು ಹಿಡಿದಾಗ ಕೆಲಸ ನಮಗೆ ಬಂತು. ಮೊದಲ ದಿನ ಮಾಲೀಕರ ಕೋಣೆಯಲ್ಲಿ ನಾನು ಭಾಷಣವನ್ನೇ ಬಿಗಿದೆ. ನಾವು ಎಲ್ಲರಂತೆ ಮೊದಲು ಸಾಫ್ಟ್‌ವೇರ್ ಬರೆದು ಆಮೇಲೆ ತಪ್ಪು ಹುಡುಕುವವರಲ್ಲ. ಮೊದಲು ಟೆಸ್ಟ್ ಬರೆಯುತ್ತೇವೆ. ಕೋಡ್ ಇನ್ನೂ ಇಲ್ಲದ್ದರಿಂದ ಅದು ಫೇಲಾಗಬೇಕು, ಪರದೆಯಲ್ಲಿ ಕೆಂಪು ಗೆರೆ ಬರಬೇಕು. ಆ ಕೆಂಪನ್ನು ಹಸಿರು ಮಾಡಲು ಬೇಕಾದಷ್ಟೇ ಕೋಡ್ ಬರೆಯುತ್ತೇವೆ. ಇದಕ್ಕೆ ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಮಾಲೀಕರು ಗಡಿಯಾರ ನೋಡಿದರು. ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸು ಮಾತ್ರ ಕಿಸಕ್ಕನೆ ನಕ್ಕರು.

ನನಗೆ ಸಿಟ್ಟು ಬಂತು. “ಯಾಕ್ರಿ ನಗ್ತೀರಿ?” ಎಂದೆ.

“ಬಾ ಅಮ್ಮಾಯಿ, ತೋರಿಸ್ತೀನಿ,” ಎಂದು ಅಂಗಳಕ್ಕೆ ಕರೆದುಕೊಂಡು ಹೋದರು. ಗೋಡೆಯ ಗೂಡಿನಲ್ಲಿ ಹಾಲಿನ ಪುಡಿಯ ಒಂದು ಹಳೇ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಕಮಟು ವಾಸನೆ. ಒಳಗೆ ಬೂಷ್ಟು ಹಿಡಿದ ಕಾಳು, ಹುಳ ತಿಂದ ಕಾಳು, ನೆನೆದು ಕಪ್ಪಾದ ಕಾಳು. ಮಿಲ್ಲಿಗೆ ತೇವ ಅಳೆಯುವ ಹೊಸ ಮೀಟರ್ ಬರಲಿ, ಮಾಲು ನೋಡಲು ಹೊಸಬರು ಸೇರಲಿ, ಅಕ್ಕ ಮೊದಲು ಕೊಡುತ್ತಿದ್ದುದು ಆ ಡಬ್ಬಿಯಿಂದ.

“ಒಳ್ಳೇದಕ್ಕೆ ಯಾರ್ ಬೇಕಾದ್ರೂ ಹೂಂ ಅಂತಾರೆ. ಕೆಟ್ಟದ್ದು ಕೊಟ್ರೆ ಬ್ಯಾಡ ಅಂತೈತಾ, ಅದನ್ನ ನೋಡ್ಬೇಕು. ಬ್ಯಾಡ ಅನ್ನಾಕೇ ಬರ್ದಿದ್ದು ಹೂಂ ಅಂದ್ರೆ, ಆ ಹೂಂ ತಗಂಡು ಏನ್ ಮಾಡಾನ? ಇದಕ್ಕೆ ಇಂಗ್ಲಿಷ್‌ನಾಗೆ ಬ್ಯಾರೆ ಹೆಸರೈತಾ?”

ನಾನು ಎರಡು ವರ್ಷ ಒದ್ದಾಡಿ ಕಲಿತದ್ದು ಅಷ್ಟೇ. ಕೆಂಪು ಕಾಣದ ಹಸಿರನ್ನು ನಂಬಬಾರದು. ಮರುವಾರವೇ ಮಾಲೀಕರಿಗೆ ಹೇಳಿ, ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಅಕ್ಕನನ್ನು ನಮ್ಮ ಆಫೀಸಿಗೆ ಕಳಿಸಿಕೊಡಿ ಎಂದು ಕೇಳಿಕೊಂಡೆ.

ಅಕ್ಕ ತಿರುಗುವ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅಂಗಡಿಯವರಿಂದ ಒಂದು ಸ್ಟೂಲು ತರಿಸಿಕೊಂಡು ನನ್ನ ಮಗ್ಗುಲಲ್ಲಿ ಕೂತು ಪ್ರಶ್ನೆ ಹಾಕುತ್ತಿದ್ದರು. ನೀರು ಚಿಮುಕಿಸಿ ತೂಕ ಬರಿಸಿಕೊಂಡು ತಂದ್ರೆ? ಒಂದೇ ಲಾಟನ್ನ ಎರಡು ಹೆಸರಲ್ಲಿ ತಂದ್ರೆ? ಬ್ಯಾಡ ಅಂದಿದ್ದನ್ನ ಒಣಗಿಸಿಕೊಂಡು ನಾಳೆ ತಿರುಗಿ ತಂದ್ರೆ? ಒಂದೊಂದು ಪ್ರಶ್ನೆಯೂ ಒಂದೊಂದು ಟೆಸ್ಟ್. ಅವರಿಗೆ ಕೋಡ್ ಓದಲು ಬರುತ್ತಿರಲಿಲ್ಲ. ಬಣ್ಣ ಬರುತ್ತಿತ್ತು. ನಾನು ಟೆಸ್ಟ್ ಬರೆದ ಕೂಡಲೇ, “ಕೆಂಪು ತೋರ್ಸು” ಎನ್ನುವರು. ತೋರಿಸಿದರೆ ಉಗುರಿನಿಂದ ಆ ಗೆರೆಯನ್ನು ಕುಟ್ಟಿ, “ಹಾಂ, ಈಗ ಬರಿ” ಎಂದು ಅಪ್ಪಣೆ. ಒಂದು ಸಲ ಕೋಡ್ ಬರೆಯುವ ಮುಂಚೆಯೇ ಹಸಿರು ಬಂತು. “ಇದೇನಿದು, ಅಡುಗೆ ಮಾಡಾಕೆ ಮುಂಚೆನೇ ರುಚಿ ಐತೆ ಅಂತೈತೆ?” ಎಂದರು. ನೋಡಿದರೆ ನಾನು ಟೆಸ್ಟಿನಲ್ಲಿ ಏನನ್ನು ಪರೀಕ್ಷಿಸಬೇಕೋ ಆ ಸಾಲನ್ನೇ ಮರೆತಿದ್ದೆ. ಅದು ಎಂಥ ಕೋಡಿಗೂ ಹಸಿರೇ ತೋರಿಸುತ್ತಿತ್ತು. ಅಕ್ಕ ಆ ದಿನ ಮೆಟ್ಟಿಲಿಳಿಯುವವರೆಗೂ ನಗುತ್ತಲೇ ಇದ್ದರು, ನಾನೂ ನಕ್ಕೆ.

ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಲಾಟಿನ ನಂಬರಿನ ಮುಂದೆ ಹೂಂ ಎಂದದ್ದಕ್ಕೆ ಒಂದು ಸೊನ್ನೆ, ಬ್ಯಾಡ ಎಂದದ್ದಕ್ಕೆ ಒಂದು ಕತ್ತರಿ ಗುರುತು. “ಇನ್ನ ಇದು ಬ್ಯಾಡ್ರಿ ಅಕ್ಕ, ಎಲ್ಲಾ ಕಂಪ್ಯೂಟರ್‌ನಾಗೇ ಇರ್ತೈತೆ” ಎಂದು ಬಿಡಿಸಿದವಳು ನಾನು. ಲಾರಿ ಹೊರಡುವ ಮುಂಚೆ ಇನ್ನೊಂದು ಸಲ ಚೀಲಕ್ಕೆ ಕೈಹಾಕಿ ನೋಡುವ ಅಭ್ಯಾಸವಿತ್ತು, ಅದನ್ನು ಬಿಡಿಸಿದವಳೂ ನಾನೇ. ಒಮ್ಮೆ ನೋಡಿದ್ದನ್ನು ಮತ್ತೆ ನೋಡುವುದು ದಂಡ ಎಂದೆ. ಎರಡನ್ನೂ ಅವರು ಒಪ್ಪಿದ್ದು ಸಾಫ್ಟ್‌ವೇರ್ ಮೇಲಿನ ನಂಬಿಕೆಯಿಂದಲ್ಲ. ನಾನು ಕೆಂಪು ನೋಡುತ್ತೇನೆ ಎಂಬ ನಂಬಿಕೆಯಿಂದ.

ಹೊಸ ಬೆಳೆ ಬರುವ ಮುಂಚೆ ರಾಂಪುರದ ಕೇಂದ್ರವೂ ಕಂಪ್ಯೂಟರಿಗೆ ಬರಬೇಕೆಂದು ಮಾಲೀಕರು ಹಟ ಹಿಡಿದರು. ಅಲ್ಲಿ ಸಣ್ಣ ಸಣ್ಣ ಲಾಟುಗಳು. ಮೂರು ನಾಲ್ಕನ್ನು ಕೂಡಿಸಿ ಒಂದು ದೊಡ್ಡ ಲಾಟು ಮಾಡಿ ಲಾರಿಗೆ ಏರಿಸಬೇಕು. ಅಕ್ಕ ಸ್ಪಷ್ಟವಾಗಿ ಹೇಳಿದ್ದರು:

“ಕೂಡಿಸಿದ್ರಾಗೆ ಒಂದು ಬ್ಯಾಡ ಅಂದಿದ್ದು ಸೇರಿದ್ರೂ ಪೂರಾ ನಿಲ್ಬೇಕು ಅಮ್ಮಾಯಿ. ಕೆಟ್ಟದ್ದನ್ನ ಪೈನ ಹಾಕಿ ನೋಡು, ನಡುಮ ಹಾಕಿ ನೋಡು, ಅಡುಗುನ ಹಾಕಿ ನೋಡು. ಮೂರೂ ಕಡೆ ಕೆಂಪು ಬರ್ಬೇಕು ಮೊದ್ಲು.”

ಮೇಲೆ, ನಡುವೆ, ತಳದಲ್ಲಿ. ಚೀಲಕ್ಕೆ ಕೈಹಾಕುವ ಅವರ ಕ್ರಮವೇ ಅದು. ಅಷ್ಟು ಹೇಳಿ ಎರಡು ದಿನಕ್ಕೆ ರಾಂಪುರಕ್ಕೆ ಹೋದರು.

ನಾನು ಕೋಡನ್ನು ಮೊದಲು ಬರೆದೆ. ಬರೆದದ್ದು ಚೆನ್ನಾಗಿ ಕಂಡಿತು. ಆಮೇಲೆ ಒಂದು ಟೆಸ್ಟ್ ಬರೆದೆ, ಕೆಟ್ಟ ಲಾಟು ಪಟ್ಟಿಯಲ್ಲಿ ಮೊದಲನೆಯದು. ಹಸಿರು ಬಂತು. ಅದನ್ನೇ ಎರಡು ಸಲ ನಕಲು ಮಾಡಿ, ಮೂರಕ್ಕೂ ಅಕ್ಕನ ಮಾತಿನಲ್ಲೇ ಪೈನ, ನಡುಮ, ಅಡುಗುನ ಎಂದು ಹೆಸರಿಟ್ಟೆ. ಹೆಸರು ಮಾತ್ರ ಬೇರೆ. ಒಳಗೆ ಮೂರರಲ್ಲೂ ಕೆಟ್ಟ ಲಾಟು ಮೇಲೆಯೇ ಇತ್ತು. ಮೂರು ಹಸಿರು ಗೆರೆ ಸಾಲಾಗಿ ಬಂದವು.

ಅವಸರವಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿಜವಾದ ಮೂರು ಟೆಸ್ಟ್ ಬರೆಯಲು ಇನ್ನು ಹತ್ತು ನಿಮಿಷ ಸಾಕಿತ್ತು. ನನ್ನ ಕೋಡಿನ ಮೇಲೆ ನನಗೆ ಕೊಬ್ಬು, ಅಷ್ಟೇ. ಅದಕ್ಕಿಂತ ಕೀಳಾದದ್ದೂ ಒಂದಿತ್ತು. ಸ್ಟೂಲಿನ ಮೇಲೆ ಕೂತು ‘ಕೆಂಪು ತೋರ್ಸು’ ಎಂದು ದಿನಾ ಕೇಳುವ ಈ ಹೆಂಗಸು ನನಗೆ ಎಷ್ಟರವಳು ಎಂಬ ಕಿರಿಕಿರಿ ಒಳಗೊಳಗೇ ಹುಟ್ಟಿತ್ತು. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ.

ಮೂರನೆಯ ದಿನ ಅಕ್ಕ ಬಸ್ಸಿಳಿದು ನೇರ ಮೆಟ್ಟಿಲು ಹತ್ತಿ ಬಂದರು. ತಲೆಯ ಮೇಲೆಲ್ಲ ದಾರಿಯ ಧೂಳು.

“ಕೆಂಪು ನೋಡ್ದಾ ಅಮ್ಮಾಯಿ?”

“ನೋಡ್ದೆ ಅಕ್ಕ. ನಿನ್ನೇನೇ ಬಂದಿತ್ತು. ನೀವು ಇರ್ಲಿಲ್ವಲ್ಲ.”

“ಮೂರೂ?”

“ಮೂರೂ.”

ಅವರು ಬಗ್ಗಿ ಹಸಿರು ಗೆರೆಗಳನ್ನು ಒಂದೊಂದಾಗಿ ಉಗುರಿನಿಂದ ಕುಟ್ಟಿದರು. “ಒಕಟಿ, ರೆಂಡು, ಮೂಡು.” ಪರದೆಯ ಗೀರು ಬಿದ್ದದ್ದು ಆವತ್ತೇ ಇರಬೇಕು. ಆಮೇಲೆ ಸ್ಟೂಲಿನ ಮೇಲೆ ಕೂತು, ಇವತ್ತಿನ ಲಾಟೆಲ್ಲಾ ಮುಗೀತು, ಒಂದು ಲೋಟ ಚಹಾ ತರಿಸು ಎಂದರು. ಇಬ್ಬರೂ ಕುಡಿದೆವು.

ಹೊಸ ಬೆಳೆಯ ಲಾರಿಗಳು ಹೋಗತೊಡಗಿ ಎರಡು ತಿಂಗಳಾಗಿರಬಹುದು. ರಾಂಪುರದಿಂದ ಹೋಗಿದ್ದ ಒಂದು ಲಾರಿಯನ್ನು ಚಿಕ್ಕಿ ಕಂಪನಿಯವರು ಗೇಟಿನಲ್ಲೇ ತಡೆದು, ಬೂಷ್ಟು ಹಿಡಿದ ಮಾಲು ಎಂದು ತಿರುಗಿಸಿ ಕಳಿಸಿದರು. ಬೆಳಿಗ್ಗೆ ಫೋನ್ ಬಂದ ಕೂಡಲೇ ನಾನು ಆಫೀಸಿನಲ್ಲಿ ಲ್ಯಾಪ್‌ಟಾಪ್ ತೆರೆದು ನೋಡಿದೆ. ಅರ್ಧ ಗಂಟೆಯೂ ಬೇಕಾಗಲಿಲ್ಲ. ಅಕ್ಕ ರಾಂಪುರದಲ್ಲಿ ಒಂದು ಸಣ್ಣ ಲಾಟಿಗೆ ಬ್ಯಾಡ ಎಂದಿದ್ದರು, ಅದು ದಾಖಲಾಗಿತ್ತು. ಆಮೇಲೆ ಅಲ್ಲಿಯವರು ಅದನ್ನು ಇನ್ನೆರಡು ಒಳ್ಳೆಯ ಲಾಟುಗಳ ಜೊತೆ ಕೂಡಿಸಿದ್ದರು. ಕೆಟ್ಟದ್ದು ಪಟ್ಟಿಯಲ್ಲಿ ಮೂರನೆಯದು, ತಳದಲ್ಲಿತ್ತು. ನನ್ನ ಕೋಡ್ ಮೊದಲನೆಯ ಲಾಟಿನ ತೀರ್ಪನ್ನಷ್ಟೇ ನೋಡಿ, ಪೂರಾ ಮಾಲಿಗೆ ಒಪ್ಪಿಗೆ ಎಂದು ಬರೆದು, ಕೆಳಗೆ ಅಕ್ಕನ ಹೆಸರು ಹಾಕಿ ಕಳಿಸಿತ್ತು.

ಇಷ್ಟೂ ಗೊತ್ತಿದ್ದೇ ನಾನು ಮಿಲ್ಲಿಗೆ ಹೋದೆ. ಅಂಗಳದಲ್ಲಿ ತಿರುಗಿ ಬಂದ ಲಾರಿ ನಿಂತಿತ್ತು. ಹಮಾಲಿಗಳು, ಕಾಯಿ ಸುಲಿಯುವ ಹೆಂಗಸರು ಎಲ್ಲರೂ ಸುತ್ತ ಇದ್ದರು. ಮಾಲೀಕರು ಫೋನಿನ ಪರದೆಯನ್ನು ಅಕ್ಕನ ಮುಖಕ್ಕೆ ಹಿಡಿದು, “ನಿನ್ನೆಸರೇ ಐತಲ್ಲವ್ವ ಇಲ್ಲಿ, ಹೂಂ ಅಂದೀಯಲ್ಲ” ಎನ್ನುತ್ತಿದ್ದರು. ಅಕ್ಕ ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಆ ವಾರ ನೂರಾರು ಚೀಲ ನೋಡಿದ್ದರು, ನೆನಪು ಎಲ್ಲಿಂದ ಬರಬೇಕು? ನೋಟ್‌ಬುಕ್ಕಿನಲ್ಲಾದರೆ ಒಂದು ಕತ್ತರಿ ಗುರುತು ಇರುತ್ತಿತ್ತು.

ಮಾಲೀಕರು ನನ್ನ ಕಡೆ ತಿರುಗಿದರು. “ಏನಮ್ಮ, ನಿಮ್ ಸಾಫ್ಟ್‌ವೇರ್ ಸರಿ ಐತಾ?”

“ಟೆಸ್ಟ್ ಎಲ್ಲಾ ಪಾಸಾಗೈತ್ರಿ,” ಎಂದೆ.

ಒಂದು ಅಕ್ಷರವೂ ಸುಳ್ಳಲ್ಲ. ಅದನ್ನು ಹೇಳುವಾಗ ಲಾರಿಯ ಚಕ್ರ ನೋಡುತ್ತಿದ್ದೆ.

ಆಗ ಅಕ್ಕ ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. “ಆ ಹುಡುಗಿನ ಕೇಳಬ್ಯಾಡ್ರಿ ಸಾವ್ಕಾರ್ರೇ. ಆಕಿ ಕೆಂಪು ನೋಡ್ಯಾಳೆ, ಮೂರೂ ಕಡೆ. ಅದು ತಪ್ಪಲ್ಲ. ನನ್ ಮೂಗೇ ತಪ್ಪೈತೆ. ವಯಸ್ಸಾತು.”

ಮೊರವನ್ನು ಗೋಡೆಗೆ ಒರಗಿಸಿದರು. ಮೂಗು ಹೋದವಳು ಈ ಕೆಲಸದಲ್ಲಿ ಇರಬಾರದು ಎಂದು ಅವರೇ ಹೇಳಿದರು. ಮಾಲೀಕರು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಅಕ್ಕ ಬಾಟಲಿಯನ್ನು ಕಂಕುಳಲ್ಲಿಟ್ಟುಕೊಂಡು ಗೇಟು ದಾಟಿ ಹೋದರು. ಕೆಟ್ಟ ಕಾಳಿನ ಡಬ್ಬಿ ಗೂಡಿನಲ್ಲೇ ಉಳಿಯಿತು. ನಾನು ಅದೇ ಮಧ್ಯಾಹ್ನ ಕೋಡನ್ನು ಸರಿಮಾಡಿ, ‘ಸಣ್ಣ ತಿದ್ದುಪಡಿ’ ಎಂದು ಷರಾ ಬರೆದು ಸೇರಿಸಿದೆ.

ಒಂದು ವರ್ಷ ನಾನು ಬಾಯಿ ಬಿಡಲಿಲ್ಲ. ನಾಲ್ಕು ಜನರ ಆಫೀಸು, ಹೆಸರು ಕೆಟ್ಟರೆ ಮುಚ್ಚಬೇಕಾಗುತ್ತದೆ ಎಂದು ಸಮಜಾಯಿಷಿ ಹೇಳಿಕೊಂಡೆ. ಆದರೆ ಟೆಸ್ಟ್ ಬರೆಯಲು ಕೂತಾಗಲೆಲ್ಲ ಮಗ್ಗುಲಲ್ಲಿದ್ದ ಖಾಲಿ ಸ್ಟೂಲು ಕಾಣುತ್ತಿತ್ತು. ಅದನ್ನು ಅಂಗಡಿಯವರಿಗೆ ವಾಪಸು ಕೊಟ್ಟೆ. ಆಮೇಲೆ ಅದು ಇದ್ದ ಜಾಗ ಕಾಣತೊಡಗಿತು. ಕೊನೆಗೊಂದು ಭಾನುವಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಮೊಳಕಾಲ್ಮುರಿನ ಬಸ್ಸು ಹತ್ತಿದೆ.

ಅಕ್ಕ ಅಲ್ಲಿ ತಂಗಿಯ ಮನೆಯಲ್ಲಿದ್ದರು. ಅಕ್ಕಪಕ್ಕದಲ್ಲೆಲ್ಲ ಮಗ್ಗದ ಸದ್ದು. ತಂಗಿ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು, ಅಕ್ಕ ಸುಮ್ಮನೆ ಗೋಡೆಗೊರಗಿ ಕೂತಿದ್ದರು. ಆ ಕೈಗಳು ಸುಮ್ಮನಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಂಗಿಯೇ ಹೇಳಿದರು: “ಈಗ ಅಕ್ಕಿನೂ ಆರ್ಸಲ್ಲಮ್ಮ ಈಕಿ. ಹಾಲು ಕೆಟ್ಟೈತಾ ಅಂತನೂ ನನ್ನೇ ಕೇಳ್ತಾಳೆ. ನನ್ ಮೂಗು ನಂಬಬ್ಯಾಡ್ರಿ ಅಂತಾಳೆ.”

ನಾನು ಅವರ ಕೆಲಸವನ್ನಷ್ಟೇ ಕಳೆದಿದ್ದೇನೆ ಎಂದುಕೊಂಡಿದ್ದೆ. ಕಳೆದದ್ದು ಅದಕ್ಕಿಂತ ದೊಡ್ಡದು ಎಂದು ಆಗ ತಿಳಿಯಿತು.

ಲ್ಯಾಪ್‌ಟಾಪ್ ತೆರೆದು ಹಳೆಯ ಕೋಡನ್ನೇ ಇಟ್ಟು, ಈ ಸಲ ನಿಜವಾಗಿ ಬರೆದ ಮೂರು ಟೆಸ್ಟ್‌ಗಳನ್ನು ಓಡಿಸಿದೆ. ಪೈನ ಹಸಿರು. ನಡುಮ ಕೆಂಪು. ಅಡುಗುನ ಕೆಂಪು. “ಆವತ್ತು ನಾನು ಕೆಂಪು ನೋಡಿರ್ಲಿಲ್ಲ ಅಕ್ಕ. ನೋಡ್ದೆ ಅಂತ ಸುಳ್ಳು ಹೇಳ್ದೆ. ಅಂಗಳದಾಗೆ ನಿಂತಾಗ ತಪ್ಪು ನಂದೇ ಅಂತ ಗೊತ್ತಿತ್ತು,” ಎಂದೆ.

ಅವರು ಬಹಳ ಹೊತ್ತು ಆ ಎರಡು ಕೆಂಪು ಗೆರೆಗಳನ್ನು ನೋಡಿದರು. ಕುಟ್ಟಲಿಲ್ಲ.

“ಅಂದ್ರೆ ರಾಂಪುರದಾಗೆ ನಾನು ಬ್ಯಾಡ ಅಂದಿದ್ದೆ.”

“ಅಂದಿದ್ರಿ ಅಕ್ಕ. ಈಗ್ಲೂ ಅದ್ರಾಗೆ ಐತೆ.”

ಅವರು ಎದ್ದು ಒಳಗೆ ಹೋದರು. ಹೊಡೆಯಲು ಕೋಲು ತರುತ್ತಾರೇನೋ ಎಂದು ಕಾದೆ, ತಂದಿದ್ದರೆ ಚೆನ್ನಾಗಿತ್ತು. ಒಳಗಿನಿಂದ ಅವರ ದನಿ ಕೇಳಿತು: “ಈ ಹಾಲು ಹೊತ್ತು ಮುಣುಗಾಕೆ ಮುಂಚೆ ಒಡೀತೈತೆ. ಈಗ್ಲೇ ಕಾಸೇ.” ತಂಗಿ ಅಕ್ಕಿಯ ಮೊರ ಅಲ್ಲೇ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಎದ್ದುಹೋದರು.

ಅಕ್ಕ ಹೊರಗೆ ಬಂದು ಆ ಮೊರದ ಮುಂದೆ ಕೂತು ಕಲ್ಲು ಆರಿಸತೊಡಗಿದರು. ತಲೆ ಎತ್ತದೆ, “ಮಿಲ್ಲಿಗೆ ಇನ್ನ ಬರಲ್ಲ ನಾನು. ಸಾಕಾತು. ಒಂದ್ ಕೆಲ್ಸ ಮಾಡು. ಅಂಗಳದಾಗೆ ಆಗಿದ್ದು, ಅಂಗಳದಾಗೇ ಹೇಳು. ಕ್ವಾಣೆಯಾಗೆ ಬ್ಯಾಡ” ಎಂದರು.

“ಹೇಳ್ತೀನಿ ಅಕ್ಕ.”

“ಉಂಡು ಹೋಗು.”

ಉಂಡು ಬಂದೆ. ಮರುದಿನವೇ ಮಿಲ್ಲಿಗೆ ಹೋದೆ, ಮಾಲೀಕರ ಕೋಣೆಗೆ. ಬಾಗಿಲು ಮುಂದೆ ಮಾಡಿ ಎಲ್ಲವನ್ನೂ ಹೇಳಿದೆ. ಅವರು, “ಆಗಿದ್ದಾತು ಬಿಡಮ್ಮ. ಈಗ ಸರಿ ಮಾಡೀರಲ್ಲ? ಯಾರಿಗೂ ಹೇಳಾಕೆ ಹೋಗಬ್ಯಾಡಿ, ಕಂಪನಿಯವರ ಕಿವಿಗೆ ಬಿದ್ರೆ ಕಷ್ಟ” ಎಂದರು. ನನಗೆ ಬೇಕಾಗಿದ್ದುದೂ ಅದೇ. ಹೊರಗೆ ಬಂದಾಗ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿ ಸುಲಿಯುತ್ತಿದ್ದರು. ಹತ್ತು ಹೆಜ್ಜೆ. ನಾನು ಫೋನು ನೋಡುತ್ತ ಅವರನ್ನು ದಾಟಿ ಗಾಡಿ ಹತ್ತಿದೆ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಹಾಗೆ ಎಂಟು ತಿಂಗಳು ಹೋದವು.

ಅಕ್ಕ ತೀರಿಕೊಂಡ ಸುದ್ದಿಯನ್ನು ತಂಗಿ ಫೋನಿನಲ್ಲಿ ಹೇಳಿದರು. ಎದೆ ನೋವೆಂದು ಮಲಗಿದವರು ಏಳಲಿಲ್ಲವಂತೆ. ಮಣ್ಣಿಗೆ ಹೋಗಿ ಬಂದೆ. ಬಂದ ಮರುದಿನ, ಊಟದ ಹೊತ್ತಿಗೆ, ಮಿಲ್ಲಿನ ಅಂಗಳಕ್ಕೆ ಹೋಗಿ ಹೆಂಗಸರ ನಡುವೆ ನಿಂತೆ. ಗೂಡಿನಲ್ಲಿ ಆ ಡಬ್ಬಿ ಇನ್ನೂ ಇತ್ತು, ಯಾರೋ ಮುಚ್ಚಳಕ್ಕೆ ಹೊಸ ದಾರ ಕಟ್ಟಿದ್ದರು. ಲಾರಿ, ಮೂರು ಟೆಸ್ಟ್, ನಾನು ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಯಾರೂ ಬೈಯಲಿಲ್ಲ, ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ.

ಅಕ್ಕನ ಜೊತೆ ಒಂದೇ ಸಾಲಿನಲ್ಲಿ ಕೂತು ಸುಲಿದಿದ್ದ ಮುದುಕಿಯೊಬ್ಬರು ಚೀಲವೊಂದನ್ನು ನನ್ನ ಕಡೆ ಸರಿಸಿದರು. “ಕುಂದ್ರವ್ವ. ನಮಗ್ ಗೊತ್ತೈತೆ. ನೀನು ಮೊಳಕಾಲ್ಮುರಿಗೆ ಹೋಗಿದ್ದ ದಿನಾನೇ ಫೋನ್ ಮಾಡಿದ್ಲು. ಆ ಅಮ್ಮಾಯಿ ಬಂದು ಅಂಗಳದಾಗೆ ಹೇಳ್ತಾಳೆ, ಯಾರೂ ಬೈಬ್ಯಾಡ್ರಿ, ಕುಂದ್ರಿಸಿ ನೀರು ಕೊಡ್ರಿ ಅಂದ್ಲು.”

ನಾನು ಕೂತೆ.

“ಆಮ್ಯಾಲೆ ಫೋನ್ ಮಾಡ್ದಾಗೆಲ್ಲಾ ಅದೊಂದೇ ಕೇಳಾಳು, ಬಂದಿದ್ಲಾ ಅಂತ. ಮೊದಮೊದ್ಲು ಇನ್ನೂ ಇಲ್ಲ ಅಂತಿದ್ವಿ. ಎಷ್ಟು ಸಲ ಅಂತ ಅನ್ನಾನ? ಹೋದ ತಿಂಗ್ಳು, ಹೂಂ ಬಂದಿದ್ಲು, ಎಲ್ಲಾರ ಮುಂದೆ ಹೇಳಿದ್ಲು ಅಂದ್‌ಬಿಟ್ವಿ.”

“ಏನಂದ್ರು?”

“ಬೈಲಿಲ್ಲ ತಾನೆ ನೀವು, ಅಂದ್ಲು. ಇಲ್ಲ ಅಂದ್ವಿ.”

ಅವರು ಹಿತ್ತಾಳೆಯ ಚೊಂಬಿನಲ್ಲಿ ನೀರು ತಂದು ಕೊಟ್ಟರು. ಎಲ್ಲರೂ ನೋಡುತ್ತಿದ್ದಂತೆ ನಾನು ಕುಡಿದೆ.